ರೊಟ್ಟಿ ಬಡಿಯುವ ಹೊತ್ತು

ಗೋಕಾಕದ ಖಾಸಗಿ ದವಾಖಾನೆಯ ಎದುರಿನ ತಿಂಡಿ ಗಾಡಿಯಲ್ಲಿ, ಅಲ್ಲಿನ ನರ್ಸ್ ಭಾಗ್ಯಾ ಅವಸರಕ್ಕೆ ಕೈಗೆ ಸಿಕ್ಕ ವಡಾಪಾವ್ ಕಚ್ಚಿದಾಗ, ಬದಿಯಲ್ಲಿ ನಿಂತವನು ನಕ್ಕ.

“ಅದು ನಂದ್ರಿ.”

ಹುಕ್ಕೇರಿಯಿಂದ ಔಷಧಿ ಬಾಕ್ಸ್ ತರುವ ವ್ಯಾನಿನ ಡ್ರೈವರ್, ಸಿದ್ರಾಯ. ಅವಳು ನಾಚಿ ಅರ್ಧ ಮುರಿದು ಚಾಚಿದಳು. ಅವನು ಅವಳು ಕಚ್ಚಿದ ಅರ್ಧವನ್ನೇ ತೆಗೆದುಕೊಂಡ. ಅವಳ ಕಿವಿ ಕೆಂಪಾಯಿತು.

ಅಲ್ಲಿಂದ ಅವರ ಪ್ರೀತಿ ನಿಂತಲ್ಲೇ ಬೆಳೆಯಿತು. ಕುಳಿತು ಉಣ್ಣಲು ಇಬ್ಬರಿಗೂ ಪುರುಸೊತ್ತಿರಲಿಲ್ಲ. ಅವನ ಮೀಸೆಗೆ ಅಂಟಿದ ಪಾವಿನ ಚೂರು, ಅದನ್ನು ಕಣ್ಣಲ್ಲೇ ತೋರಿಸಿ ನಗುವ ಅವಳು.

“ಲಗ್ನ ಆದಮ್ಯಾಲ ಬಿಸಿ ರೊಟ್ಟಿ, ಪುಂಡಿಪಲ್ಯ. ಇಬ್ರೂ ಕುಂತು ಉಣ್ಣೂಣು,” ಎನ್ನುತ್ತಿದ್ದ. ಕೇಳಿಯೇ ಅವಳಿಗೆ ಹಸಿವಾಗುತ್ತಿತ್ತು.

ಅವನ ತಾಯಿ ಶೆಟ್ಟೆವ್ವ ಹೆಣ್ಣು ನೋಡಲು ಭಾಗ್ಯಾಳ ಊರು ಕೌಜಲಗಿಗೆ ಬಂದಳು. ಹುಡುಗಿ ಒಪ್ಪಿಗೆಯಾದಳು, ಅವಳ ಪಗಾರವೂ.

“ನೌಕರಿ ಬಿಡಬ್ಯಾಡವಾ, ಮನಿ ನಡೀಬೇಕು. ಆದ್ರ ಮನ್ಯಾಗಿನ ಇಷ್ಟು ಮಂದಿಗೆ ಅಂಗಡಿ ರೊಟ್ಟಿ ಕೊಂಡ್ರ ನಿನ್ನ ಪಗಾರ ಅದಕ್ಕ ಹೋದೀತು. ಬೆಳಗಾಗೂದ್ರಾಗ ಬಡದಿಟ್ಟು ಹೋಗು. ನನ್ನ ಕೈ ಈಗ ಏಳಂಗಿಲ್ಲ.”

ಆ ಮುದುಕಿಯ ಊದಿದ ಮಣಿಕಟ್ಟು ನೋಡಿ ಭಾಗ್ಯಾಗೆ ಸಿಟ್ಟೂ ಬರಲಿಲ್ಲ. ಸಿದ್ರಾಯ ತಲೆ ತಗ್ಗಿಸಿ ಕುಳಿತಿದ್ದ.

ಮರುದಿನ ಗಾಡಿಯ ಹತ್ತಿರ ಅವಳೇ ಮಾತು ತೆಗೆದಳು. “ಅಷ್ಟು ರೊಟ್ಟಿ ಬಡದು, ಹುಕ್ಕೇರಿಯಿಂದ ಇಲ್ಲಿಗೆ ಡ್ಯೂಟಿಗೆ ಯಾವಾಗ ಬರ್ಲಿ? ರಾತ್ರಿ ಪಾಳಿ ಇದ್ದಾಗ ಯಾವಾಗ ಏಳ್ಲಿ?”

“ನಾ ಕಲೀತೇನಿ. ನಾನ ಬಡೀತೇನಿ.”

“ನೀವು ಮನಿ ಮುಟ್ಟೂದ ನಡುರಾತ್ರಿ. ಹೊತ್ತು ಹುಟ್ಟೂಕಿಂತ ಮೊದಲ ಮತ್ತ ವ್ಯಾನ್ ಹತ್ತತೀರಿ.”

“ಬ್ಯಾರೆ ಮನಿ ಮಾಡೂಣು.”

“ಬಾಡಿಗಿ ಕೊಟ್ಟು ನಿಮ್ಮವ್ವಗ ಏನು ಕಳಸ್ತೀರಿ? ಆ ಕೈಲೆ ಆಕೀನ ರೊಟ್ಟಿ ಬಡೀಬೇಕೇನ್ರಿ?”

ಅವನು ಕೈಯಲ್ಲಿದ್ದ ವಡಾಪಾವ್ ಗಾಡಿಯ ಮೇಲಿಟ್ಟ.

“ನಂಗ ನೀವು ಬೇಕ್ರಿ,” ಎಂದಳು ಅವಳು. “ಖರೇನ ಬೇಕು. ಆದ್ರ ಅಲ್ಲಿ ಬಂದ್ರ ನಾ ವರ್ಷದಾಗ ನಿಮ್ಮನ್ನ ಬೈಯಾಕ ಚಾಲೂ ಮಾಡ್ತೇನಿ. ಅದು ನಂಗ ಬ್ಯಾಡ.”

ಅವನ ಫೋನು ಬಡಿದುಕೊಂಡಿತು. ಅವನು ಅವಳನ್ನೇ ನೋಡುತ್ತ ನಿಂತ. ಮತ್ತೆ ಬಡಿದುಕೊಂಡಿತು.

“ತಗೋರಿ,” ಅವಳೇ ಹೇಳಿದಳು. “ಯಾರರೇ ಔಷಧಿ ಹಾದಿ ಕಾಯಾಕತ್ತಿರ್ತಾರ.”

“ಹೊಂಟೇನ್ರಿ, ಸಾಹೇಬ್ರ,” ಎಂದ ಅವನು ಫೋನಿಗೆ, ಕಣ್ಣು ಮಾತ್ರ ಅವಳ ಮೇಲಿಂದ ತೆಗೆಯಲಿಲ್ಲ.

ಮುಂದಿನ ತಿಂಗಳು ಭಾಗ್ಯಾ ಮೂಡಲಗಿಯ ದವಾಖಾನೆಗೆ ಸೇರಿದಳು. ಹುಕ್ಕೇರಿಯ ವ್ಯಾನು ಆ ಹಾದಿಗೆ ಹೋಗುವುದಿಲ್ಲ.