ನೀಲಿ ತೊಳೆದುಹೋದ ಮರ

“ಅಯ್ಯೋ, ಮರಕ್ಕೆ ಸ್ನಾನ ಮಾಡಿಸ್ತಿದ್ದೀಯಾ? ಇನ್ನು ತಲೆ ಬಾಚೋದೊಂದು ಬಾಕಿ!” ಬೇಲಿಯಾಚೆಯಿಂದ ಇರ್ಮಿನಾ ಆಂಟಿ ನಕ್ಕರು.

ಬೋಗ್ನಾ ನಗಲಿಲ್ಲ. ಅವಳ ಕೈಯಲ್ಲಿ ಬ್ರಷ್ ಇತ್ತು, ಬಕೆಟ್ಟಿನ ತುಂಬ ಪಾತ್ರೆ ತೊಳೆಯುವ ಸೋಪಿನ ನೊರೆ. ಎದುರಿಗೆ ಸೂಜಿಯಂಥ ಎಲೆಗಳ, ತಾತನ ಸ್ಪ್ರೂಸ್ ಮರ. ಬೆಳಿಗ್ಗೆ ನೀಲಿಯಾಗಿತ್ತು. ಈಗ ಮುಕ್ಕಾಲು ಹಸಿರು.

ಎಂಥ ನೀಲಿ ಅಂತೀರಿ! ಪೋಲೆಂಡಿನಲ್ಲಿ ನಾನು ನೋಡದ ತೋಟವಿಲ್ಲ. ಹತ್ತು ಲಕ್ಷ ಸ್ಪ್ರೂಸ್ ಮರ ನೋಡಿದ್ದೇನೆ, ಎಣಿಸಿಯೇ ಹೇಳುತ್ತಿದ್ದೇನೆ. ಝೆನೋನ್ ತಾತನ ಮರದ ಮುಂದೆ ಆಕಾಶವೇ ಮಂಕು. ಅದರ ಬುಡದಲ್ಲಿ ಮಲಗಿದ ಬಿಳಿ ಬೆಕ್ಕು ನೀಲಿಯಾಗಿ ಏಳುತ್ತಿತ್ತು.

ಇಡೀ ಬೇಸಿಗೆ ತಾತ ಆಸ್ಪತ್ರೆಯಲ್ಲಿದ್ದರು. ಭಾನುವಾರ ಒಂದೇ ಒಂದು ಗಂಟೆ ಹೊರಗೆ ಕರೆದೊಯ್ಯಲು ಡಾಕ್ಟರು ಒಪ್ಪಿದ್ದರು. ತಾತ ಕೇಳಿದ್ದು ಇಷ್ಟೇ: “ನನ್ನ ಮರ ನೋಡ್ಬೇಕು.” ಮರದ ಮೇಲೆ ರಸ್ತೆಯ ಧೂಳು ಕೂತಿತ್ತು. ಅದಕ್ಕೇ ಹಿಂದಿನ ದಿನ ಬೋಗ್ನಾ ಬ್ರಷ್ ಹಿಡಿದು ನಿಂತಿದ್ದು.

ಆಂಟಿ ಹತ್ತಿರ ಬಂದು ನೋಡಿದರು. ನಗು ನಿಂತಿತು. “ಆ ನೀಲಿ ಅನ್ನೋದು ಎಲೆ ಮೇಲಿನ ಮೇಣ ಕಣೇ. ಸೋಪು ಹಾಕಿದ್ರೆ ಹೋಗ್ಬಿಡುತ್ತೆ. ಈ ಎಲೆಗಳಿಗೆ ಮತ್ತೆ ಬರಲ್ಲ.”

“ಪೇಂಟ್ ಹೊಡೆದ್ರೆ?”

“ಹುಚ್ಚಿ! ನಿಮ್ಮ ತಾತನಿಗೆ ಪೇಂಟು ಗೊತ್ತಾಗಲ್ವಾ?”

ಭಾನುವಾರ ಬೋಗ್ನಾಳ ಅಮ್ಮ ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ತಾತ ಎಷ್ಟು ಸಣ್ಣಗಾಗಿದ್ದರೆಂದರೆ, ಕುರ್ಚಿಯಲ್ಲಿ ಬರೀ ಕಂಬಳಿ ಕೂತಂತಿತ್ತು. ಇದರಲ್ಲಿ ಸುಳ್ಳು ಸ್ವಲ್ಪವೇ.

ತಾತ ಮರವನ್ನು ನೋಡಿದರು. ಬಹಳ ಹೊತ್ತು ನೋಡಿದರು.

“ನಾನೇ ತೊಳೆದೆ ತಾತ. ನಿಂಗೆ ಫ್ರೆಶ್ಶಾಗಿ ಕಾಣ್ಲಿ ಅಂತ...” ಎಂದಳು ಬೋಗ್ನಾ.

ತಾತ ಕೊಂಬೆ ಮುಟ್ಟಿ ಬೆರಳು ಮೂಸಿದರು. “ನಿಂಬೆ ಸೋಪು! ಮರಾನ ಊಟದ ತಟ್ಟೆ ಅಂದ್ಕೊಂಡ್ಯಾ?” ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಲ್ಲಲು ತುಂಬ ಹೊತ್ತಾಯಿತು. “ವಸಂತದಲ್ಲಿ ಹೊಸ ಚಿಗುರು ನೀಲಿಯಾಗೇ ಬರುತ್ತೆ. ಇಲ್ಕೇಳು. ಮಣ್ಣು ಹೆಪ್ಪುಗಟ್ಟೋ ಮುಂಚೆ ಬುಡಕ್ಕೆ ಚೆನ್ನಾಗಿ ನೀರು ಹಾಕ್ಬೇಕು. ಹಿಮ ಬಿದ್ರೆ ಕೊಂಬೇನ ಕೆಳಗಿನಿಂದ ಮೇಲಕ್ಕೆ ಒದರ್ಬೇಕು. ಎಳೀಬಾರ್ದು, ಮುರಿಯುತ್ತೆ.”

“ಅದೆಲ್ಲ ಪ್ರತಿ ವರ್ಷ ನೀನೇ ಮಾಡೋದಲ್ವಾ ತಾತ?”

ತಾತ ತಮ್ಮ ಕೊರಳಿನ ದಾರ ತೆಗೆದು, ಅದರಲ್ಲಿದ್ದ ತೋಟದ ಗೇಟಿನ ಕೀಲಿಯನ್ನು ಅವಳ ಕೊರಳಿಗೆ ಹಾಕಿದರು. ಕೀಲಿ ಇನ್ನೂ ಬೆಚ್ಚಗಿತ್ತು. ಅಮ್ಮ ಆಚೆ ತಿರುಗಿಕೊಂಡಳು.

ಬೋಗ್ನಾ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

“ಹಿಮ ಬಿದ್ರೆ ಹೇಗೆ ಒದರ್ಬೇಕು ತಾತ? ಇನ್ನೊಂದ್ಸಲ ಹೇಳು,” ಎಂದಳು.