ಎರಡನೇ ಪುಟದ ಸಹಿ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ದೂರುದಾರಳು ಹೊಲಿಗೆ ಕೆಲಸದವಳು. ಕೊರಳಿನ ಅಳತೆಪಟ್ಟಿ ತೆಗೆಯುವುದನ್ನೂ ಮರೆತು ಓಡಿಬಂದಿದ್ದಳು.

"ನನ್ನ ತಂಗಿ ನರ್ಸು ಸಾರ್. ಹೊರದೇಶದ ವೃದ್ಧಾಶ್ರಮಕ್ಕೆ ಮೂರು ತಿಂಗಳು ಸ್ವಯಂಸೇವೆಗೆ ಅಂತ ಹೋದ್ಲು. ಈಗ ಎರಡು ವರ್ಷ ಇರ್ಬೇಕು ಅಂತ ಪಾಸ್‌ಪೋರ್ಟ್ ಇಟ್ಕೊಂಡಿದಾರೆ. ಶುಕ್ರವಾರ ಅಮ್ಮನಿಗೆ ಹೃದಯದ ಆಪರೇಷನ್. ಚಿಕ್ಕವಳ ಮುಖ ನೋಡದೆ ಒಳಗೆ ಹೋಗಲ್ಲ ಅಂತ ಹಟ ಹಿಡಿದಿದಾರೆ."

"ಒಪ್ಪಂದದ ಪ್ರತಿ?"

"ಆಮೇಲೆ ಕಳಿಸ್ತೀವಿ ಅಂದ್ರಂತೆ. ನಂಬಿದ್ಲು."

ಇನ್‌ಸ್ಪೆಕ್ಟರ್ ಹಣೆ ಚಚ್ಚಿಕೊಳ್ಳಲಿಲ್ಲ, ಅಷ್ಟೆ. ಸಹಿ ಹಾಕಿದ ಕಾಗದದ ಪ್ರತಿಯನ್ನು ಅಲ್ಲೇ ಕೇಳಿ ಪಡೆಯುವುದು ಸ್ವಯಂಸೇವಕರ ಹಕ್ಕು ಎಂದು ತಿಳಿಸಿ, ಎಫ್‌ಐಆರ್ ದಾಖಲಿಸಿಕೊಂಡರು.

ಮಧ್ಯಾಹ್ನ ಎರಡಕ್ಕೆ, ತಂಗಿಯನ್ನು ಕಳಿಸಿದ್ದ ಸೇವಾಸಂಸ್ಥೆಯ ಕಚೇರಿ. ಸೊಂಟಕ್ಕೆ ಪಟ್ಟಿ ಬಿಗಿದು ನೆಟ್ಟಗೆ ಕೂತಿದ್ದ ಸಂಚಾಲಕ ಕಡತವನ್ನು ತಾನೇ ಮುಂದಿಟ್ಟ. ನಾಲ್ಕು ಪುಟ, ನಾಲ್ಕರಲ್ಲೂ ಸಹಿ. ಎರಡನೇ ಪುಟದಲ್ಲಿ ಅವಧಿ ಎರಡು ವರ್ಷ, ಪಾಸ್‌ಪೋರ್ಟ್ ಆಶ್ರಮದ ವಶದಲ್ಲಿರತಕ್ಕದ್ದು ಎಂದಿತ್ತು.

"ಓದಿಯೇ ಸಹಿ ಹಾಕಿದಾಳೆ. ನಾನೇನ್ ಮಾಡ್ಲಿ?"

ಇನ್‌ಸ್ಪೆಕ್ಟರ್ ಜೊತೆ ಬಂದಿದ್ದ ಮಹಿಳಾ ಪೇದೆ ಪುಟ ತಿರುವುತ್ತಿದ್ದಳು. ಮನೆಯ ದಿನಸಿ ಚೀಟಿಗೂ ಸಮಯ ನಮೂದಿಸುತ್ತಾಳೆಂದು ಠಾಣೆಯಲ್ಲಿ ಎಲ್ಲರೂ ಅವಳನ್ನು ಗೇಲಿ ಮಾಡುತ್ತಿದ್ದರು.

"ಸಾರ್, ಒಂದನೇ ಪುಟದ ಸಹಿ ಕೆಳಗೆ 11.05 ಅಂತಿದೆ. ಮೂರು, ನಾಲ್ಕರಲ್ಲೂ ಸಮಯ ಇದೆ. ಎರಡರಲ್ಲಿ ಇಲ್ಲ."

ಅಕ್ಕನಿಗೆ ಫೋನ್ ಹೋಯಿತು. "ಅದು ಆಸ್ಪತ್ರೆ ಅಭ್ಯಾಸ ಸಾರ್. ನನ್ನ ಮದುವೆ ಉಡುಗೊರೆ ಮೇಲೂ ಸಹಿ ಹಾಕಿ ಸಮಯ ಬರೆದಿದ್ಲು ಮಹಾತಾಯಿ!"

ಸಹಿಯನ್ನು ನಕಲು ಮಾಡಿದವನು ಅಂಕಿಗಳನ್ನು ಗಮನಿಸಿರಲಿಲ್ಲ. ಪಂಚರ ಎದುರು ಶೋಧಿಸಿದಾಗ ಸಂಚಾಲಕನ ಮೇಜಿನ ಕೆಳಖಾನೆಯಲ್ಲಿ ಮೂಲ ಪುಟವೇ ಸಿಕ್ಕಿತು. ಮೂರು ತಿಂಗಳು, ವಾರಕ್ಕೊಂದು ರಜೆ, ಪಾಸ್‌ಪೋರ್ಟ್ ಸ್ವಂತ ವಶದಲ್ಲಿ. ಕೆಳಗೆ ಸಹಿ, 11.07. ಹರಿದು ಹಾಕಲು ಅವನಿಗೆ ಮನಸ್ಸು ಬಂದಿರಲಿಲ್ಲ. ಪಂಚನಾಮೆ ಮುಗಿದಾಗ 3.40.

"ಯಾಕ್ ಹೀಗ್ ಮಾಡಿದ್ರಿ?"

"ಹನ್ನೆರಡು ವರ್ಷದ ಹಿಂದೆ ನಾನೂ ಅಲ್ಲಿ ಸೇವೆಗೆ ಹೋಗಿದ್ದೆ. ಬಿದ್ದು ಬೆನ್ನು ಮುರೀತು. ಆರು ತಿಂಗಳು ಆ ಮುದುಕರೇ ಸರದಿ ಮೇಲೆ ಕೂತು ಉಣ್ಣಿಸಿದ್ರು. ಈಗ ಅಲ್ಲಿ ಯಾರೂ ನಿಲ್ತಾ ಇಲ್ಲ. ಇವಳಂಥ ಒಳ್ಳೆ ಕೈ ಮತ್ತೆ ಸಿಗಲ್ಲ ಸಾರ್."

"ನಿಮ್ಮ ಋಣಕ್ಕೆ ಆ ಹುಡುಗಿ ಯಾಕ್ರೀ ದುಡೀಬೇಕು?"

4.10ಕ್ಕೆ ಬಂಧನ.

ಮೂಲ ಪುಟದ ಪ್ರತಿ ರಾಯಭಾರ ಕಚೇರಿಗೆ ಹೋಯಿತು. ನಕಲಿ ಕಾಗದ ನಂಬಿದ್ದ ಆಶ್ರಮದವರು ಕ್ಷಮೆ ಕೇಳಿ ಮರುದಿನವೇ ಪಾಸ್‌ಪೋರ್ಟ್ ಕೊಟ್ಟರು. ಗುರುವಾರ ತಂಗಿ ಬಂದಿಳಿದಳು. ಶುಕ್ರವಾರ ಅವಳ ಮುಖ ನೋಡಿಕೊಂಡೇ ಒಳಗೆ ಹೋದ ಅಮ್ಮ, ಕ್ಷೇಮವಾಗಿ ಹೊರಬಂದರು.

ಮುಂದಿನ ವಾರ ಹೇಳಿಕೆ ಕೊಡಲು ಬಂದ ತಂಗಿ ಮೊದಲು ಪೇದೆಯ ಕೈ ಹಿಡಿದುಕೊಂಡಳು. "ನಿಮ್ಮ ಹೊಟ್ಟೆ ತಣ್ಣಗಿರ್ಲಿ ಅಂತ ಅಮ್ಮ ಹೇಳಿ ಕಳಿಸಿದಾರೆ ಅಕ್ಕಾ." ಇಬ್ಬರ ಕಣ್ಣೂ ತುಂಬಿತು.

ಆಮೇಲೆ ಇನ್‌ಸ್ಪೆಕ್ಟರ್ ಕಡೆ ತಿರುಗಿದಳು. "ಆ ಸಂಚಾಲಕರ ಮೇಲೆ ಸಿಟ್ಟಿದೆ ಸಾರ್. ಆದ್ರೆ ಆ ಅಜ್ಜ ಅಜ್ಜಿಯರು ನನ್ನನ್ನ ಮಗಳ ಥರ ನೋಡ್ಕೊಂಡ್ರು. ಅಮ್ಮ ಎದ್ದು ಓಡಾಡೋ ಹಾಗಾದ್ಮೇಲೆ ಮತ್ತೆ ಹೋಗ್ತೀನಿ. ಒಪ್ಪಂದದ ಪ್ರತಿ ಕೈಲಿಟ್ಕೊಂಡು."

ಹೇಳಿಕೆಗೆ ಸಹಿ ಹಾಕಿ, ಕೆಳಗೆ 11.20 ಎಂದು ಬರೆದಳು.

ನ್ಯಾಯಾಲಯದ ಹಜಾರದಲ್ಲಿ ಇನ್‌ಸ್ಪೆಕ್ಟರ್ ಆ ಮಾತನ್ನು ಸಂಚಾಲಕನಿಗೆ ಮುಟ್ಟಿಸಿದರು. ಅವನು ಸೊಂಟದ ಪಟ್ಟಿ ಸರಿಪಡಿಸಿಕೊಂಡ.

"ಬಾಯಿಬಿಟ್ಟು ಕೇಳಿದ್ರೆ ಸಾಕಿತ್ತು, ಅಲ್ವಾ ಸಾರ್?" ಎಂದ.