ಜೋಡಿಯಿಲ್ಲದ ಆರು ಮಣಿ

“ಬನ್ನಿ, ಬನ್ನಿ! ಲೋಕದಲ್ಲೇ ಯಾರೂ ನೋಡಿರದ ಪ್ರೋಟೀನ್! ನೋಡೋಕೆ ಪುಕ್ಕಟೆ!”

ಎಲ್ಲರೂ ತುತ್ತೂರಿ ಎಂದೇ ಕರೆಯುವ ಹುಡುಗಿಯ ಕೂಗಿಗೆ ಶಾಲೆಯ ಕಿಟಕಿಗಳೆಲ್ಲ ಗಡಗಡ ನಡುಗಿದವು. ಮೂರು ಬೀದಿಯಾಚೆ ಮಲಗಿದ್ದ ನಾಯಿ ಎದ್ದು ಓಡಿತು. ಓಡಿತೋ ಇಲ್ಲವೋ, ನಾನಂತೂ ಓಡಿಸಿಯೇ ತೀರುತ್ತೇನೆ.

ಎಕ್ಸಿಬಿಷನ್ ಮೇಜಿನ ಮೇಲೆ ತಂತಿಗೆ ಬಣ್ಣದ ಮಣಿ ಪೋಣಿಸಿದ ಎರಡು ಮಾಡೆಲ್‌ಗಳಿದ್ದವು. ಪ್ರೋಟೀನ್ ಎಂದರೆ ಒಂದು ಮಣಿಸರದ ಹಾಗೆ. ಸರಿಯಾಗಿ ಮಡಚಿಕೊಂಡರೇನೇ ಅದು ಕೆಲಸ ಮಾಡುವುದು. ಒಂದರ ಆಕಾರ ವಿಜ್ಞಾನಿಗಳಿಗೆ ಗೊತ್ತಿತ್ತು. ಇನ್ನೊಂದು ಅದರ ಹತ್ತಿರದ ನೆಂಟ. ಮಣಿಗಳ ಸಾಲು ಗೊತ್ತು, ಆಕಾರ ಗೊತ್ತಿಲ್ಲ. ಎರಡೂ ಸಾಲನ್ನು ಪಕ್ಕಪಕ್ಕ ಇಟ್ಟು, ಬಣ್ಣ ಹೊಂದಿದ ಕಡೆಯೆಲ್ಲ ಗೊತ್ತಿರುವುದರಂತೆಯೇ ಹೊಸದನ್ನೂ ಮಡಚಬೇಕು. ತುತ್ತೂರಿಯ ಅತ್ತೆ ಲ್ಯಾಬ್‌ನಲ್ಲಿ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸವೇ ಇದು. ಮಣಿಗಳ ಪಟ್ಟಿ ಕೊಟ್ಟವರೂ ಅವರೇ.

ಗೆಳತಿ ಕಡ್ಡಿ ಮೂರು ದಿನ, ಅಂದರೆ ಸುಮಾರು ಮೂರು ಸಾವಿರ ಗಂಟೆ, ಕೂತು ಪೋಣಿಸಿದ್ದಳು. ಎಲ್ಲ ಹೊಂದಿತು. ಹೊಸದರ ನಡುವಿನ ಆರು ಮಣಿಗೆ ಮಾತ್ರ ಗೊತ್ತಿರುವ ಸಾಲಿನಲ್ಲಿ ಜೋಡಿಯೇ ಇರಲಿಲ್ಲ.

“ಇವನ್ನ ಹೇಗೆ ಮಡಚೋದೇ?” ಎಂದು ಕಡ್ಡಿ ಕೇಳಿದ್ದಳು.

“ನಂಗೆ ಬಿಡು, ನಾನಿದೀನಲ್ಲ!”

ಕಡ್ಡಿ ಮನೆಗೆ ಹೋದದ್ದೇ ತಡ, ತುತ್ತೂರಿ ಆ ಆರನ್ನೂ ಕತ್ತರಿಸಿ ಜೇಬಿಗೆ ಹಾಕಿ, ತಂತಿಯ ತುದಿಗಳನ್ನು ತಿರುಚಿ ಸೇರಿಸಿದ್ದಳು. ಮಾಡೆಲ್ ಅಚ್ಚೊತ್ತಿದ ಹಾಗೆ ಕೂತಿತ್ತು!

ಈಗ ಅತ್ತೆ ಬಂದರು. ಬೆರಳಿಟ್ಟು ಎಣಿಸಿದರು. “ಐವತ್ತೆಂಟು ಇರ್ಬೇಕಿತ್ತಲ್ಲೇ? ಆರು ಕಮ್ಮಿ ಇದೆ.”

“ಕಡ್ಡಿ ಎಲ್ಲೋ ಬೀಳಿಸ್ಬಿಟ್ಟಿದಾಳೆ ಅತ್ತೆ,” ಎಂದುಬಿಟ್ಟಿತು ತುತ್ತೂರಿಯ ಬಾಯಿ.

ಕಡ್ಡಿ ಜಗಳಕ್ಕೆ ಬರಲಿಲ್ಲ. ಬಗ್ಗಿ ಮೇಜಿನ ಕೆಳಗೆ ನುಸುಳಿದಳು. “ಇರ್ಬಹುದು ಆಂಟಿ. ನಾನೇ ತಂತಿ ಸರಿಯಾಗಿ ತಿರುಚಿಲ್ವೇನೋ. ಹುಡುಕ್ತೀನಿ, ತಾಳಿ.”

ತುತ್ತೂರಿಯ ಕಿವಿಗಳು ಕಾದವು. ಮೇಲೆ ಪಾತ್ರೆ ಇಟ್ಟಿದ್ದರೆ ಇಡೀ ಊರಿಗೆ ಚಹಾ ಆಗುತ್ತಿತ್ತು, ನನ್ನಾಣೆಗೂ ನಿಜ. ಕಡ್ಡಿ ನೆಲ ತಡವುತ್ತಲೇ ಇದ್ದಳು. ಅವಳ ಮಂಡಿಗೆಲ್ಲ ಧೂಳು.

“ಏಳೇ,” ಎಂದಳು ತುತ್ತೂರಿ. ಇರುವೆಗೂ ಅದಕ್ಕಿಂತ ದೊಡ್ಡ ದನಿಯಿರುತ್ತದೆ. “ಬಿದ್ದಿಲ್ಲ. ನಾನೇ ಕತ್ತರಿಸ್ದೆ. ಹೊಂದ್ತಾ ಇರ್ಲಿಲ್ಲ ಅಂತ.”

ಜೇಬಿನಿಂದ ಆರು ಮಣಿ ತೆಗೆದು ಮೇಜಿನ ಮೇಲಿಟ್ಟಳು.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. “ನಮಗೂ ತಲೆ ಕೆಡೋದು ಅಲ್ಲೇ ಕಣೇ,” ಎಂದರು. “ಹೊಂದೋ ಜಾಗ ಎಲ್ಲ ಸಲೀಸು. ಜೋಡಿ ಇಲ್ದಿರೋ ಜಾಗ ಯಾವ ಕಡೆ ತಿರುಗುತ್ತೋ, ಯಾರಿಗ್ಗೊತ್ತು?”

ಕಡ್ಡಿ ಎದ್ದು ಮಂಡಿ ಕೊಡವಿಕೊಂಡಳು. ಗೋಡೆಯ ಹತ್ತಿರ ಹೋಗಿ ನಿಂತಳು. ತುತ್ತೂರಿಯ ಕಡೆ ನೋಡಲಿಲ್ಲ.

ತುತ್ತೂರಿ ತಂತಿ ಬಿಚ್ಚಿ, ಒಂದೊಂದೇ ಮಣಿ ಪೋಣಿಸಿದಳು. ಆರೂ ಸಡಿಲವಾಗಿ ಹೊರಕ್ಕೆ ಜೋತುಬಿದ್ದವು.

“ಇದ್ಯಾಕಮ್ಮ ಹೀಗೆ ನೇತಾಡ್ತಿದೆ?” ಎಂದು ಯಾರದೋ ತಾತ ಬಗ್ಗಿ ನೋಡಿದರು.

“ಅಲ್ಲಿ ಹೇಗಿರುತ್ತೆ ಅಂತ ನಂಗೆ ಗೊತ್ತಿಲ್ಲ ತಾತ. ಇದನ್ನ ಪೋಣಿಸಿದ್ದು ಅವಳು. ಅವಳೇ ಹೇಳ್ಬೇಕು.”

ತುತ್ತೂರಿ ಮೇಜಿನ ಮುಂದಿನಿಂದ ಪಕ್ಕಕ್ಕೆ ಸರಿದಳು. ಕಡ್ಡಿ ಕೂಡಲೇ ಬರಲಿಲ್ಲ. ಮತ್ತೆ ಕರೆಯುವ ಧೈರ್ಯ ತುತ್ತೂರಿಗೂ ಬರಲಿಲ್ಲ. ಆ ಜಾಗಕ್ಕೆ ಬೇರೆ ಯಾರೂ ನುಗ್ಗದ ಹಾಗೆ ನೋಡಿಕೊಳ್ಳುತ್ತಾ, ಬಾಯಿ ಮುಚ್ಚಿಕೊಂಡು ಕಾದಳು.